ಒಂದು ‘ಸೆಟ್’, ನೂರೆಂಟು ಕೆಲಸ

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು, ಕನ್ನಡ ಮಾಧ್ಯಮ. ಅವರ ಇಂಗ್ಲಿಷ್ ಮೇಡಂ ‘ಸೆಟ್’ ಪದ ಇರುವ ಆರು ವಾಕ್ಯ ಕೊಟ್ಟು, ಕನ್ನಡದಲ್ಲಿ ಅರ್ಥ ಬರೆದು ತರಲು ಹೇಳಿದ್ದಾರೆ. ಸೂರ್ಯ ಮುಳುಗೋದಕ್ಕೂ ಸೆಟ್, ಊಟದ ಮೇಜು ಅಣಿ ಮಾಡೋದಕ್ಕೂ ಸೆಟ್, ಜೆಲ್ಲಿ ಗಟ್ಟಿಯಾಗೋದಕ್ಕೂ ಸೆಟ್, ಬೆಳಗಾಗೆದ್ದು ಊರಿಗೆ ಹೊರಡೋದು ಸೆಟ್ ಆಫ್, ಬೀಗದ ಕೈ ಗೊಂಚಲೂ ಸೆಟ್. ಕೊನೆಗೆ ‘ಐ ಆಮ್ ಆಲ್ ಸೆಟ್’ ಅಂತ ಒಂದು. ಡಿಕ್ಷನರಿ ತೆಗೆದರೆ ಈ ಒಂದು ಪದಕ್ಕೇ ಎರಡು ಪುಟ ಇದೆ. ಒಂದೇ ಪದಕ್ಕೆ ಇಷ್ಟೊಂದು ಅರ್ಥ ಹೇಗೆ ಬಂತು? ಎಲ್ಲಾ ಉರು ಹೊಡೆಸಬೇಕಾ? ಇನ್ನೊಂದು, ನಗಬೇಡಿ: ನಮ್ಮ ಸೆಟ್ ದೋಸೆಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?
– ತಿಪಟೂರಿನ ಒಬ್ಬ ಓದುಗರು

ಉತ್ತರ: ಉರು ಹೊಡೆಸಬೇಡಿ. ಹೊಡೆಸಿದರೂ ಮುಗಿಯುವ ಪದ ಅದಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿ 1989ರಲ್ಲಿ ಬಂತು, ಒಟ್ಟು 20 ಸಂಪುಟ. ಅದರಲ್ಲಿ ‘ಸೆಟ್’ಗೆ 430 ಅರ್ಥ ಕೊಟ್ಟಿದ್ದರು. ವಿವರಣೆ, ಉದಾಹರಣೆ ಎಲ್ಲಾ ಸೇರಿ ಹತ್ತಿರ ಹತ್ತಿರ 60,000 ಪದ. ಒಂದು ಕಾದಂಬರಿಯಷ್ಟು ಉದ್ದ! ಇಂಗ್ಲಿಷಿನಲ್ಲಿ ಅತಿ ಜಾಸ್ತಿ ಅರ್ಥ ಇರುವ ಪದ ಅಂತ ಬಹಳ ಕಾಲ ಇದಕ್ಕೇ ಹೆಸರಿತ್ತು. ಆಮೇಲೆ ಅದೇ ಡಿಕ್ಷನರಿಯವರು ಪದಗಳನ್ನು ಹೊಸದಾಗಿ ತಿದ್ದುತ್ತಾ ಬಂದು, ‘ರನ್’ ಎಂಬ ಕ್ರಿಯಾಪದಕ್ಕೇ 645 ಅರ್ಥ ಎಣಿಸಿದರು. ಪಟ್ಟ ಅಲ್ಲಿಗೆ ಹೋಯಿತು.

ಇಷ್ಟು ಕೇಳಿ ಇಂಗ್ಲಿಷ್ ಅಂದರೆ ತಲೆಕೆಟ್ಟ ಭಾಷೆ ಅನ್ನಿಸಿದರೆ, ಒಂದು ನಿಮಿಷ ನಮ್ಮ ‘ಹಾಕು’ ನೋಡಿ. ಬಟ್ಟೆ ಹಾಕುತ್ತೇವೆ, ಬೀಗ ಹಾಕುತ್ತೇವೆ, ಗೊಬ್ಬರ ಹಾಕುತ್ತೇವೆ, ಸೈನ್ ಹಾಕುತ್ತೇವೆ. ಕೋಳಿ ಮೊಟ್ಟೆ ಹಾಕುತ್ತೆ, ಹಸು ಕರು ಹಾಕುತ್ತೆ. ದಾಯಾದಿ ಕೇಸ್ ಹಾಕುತ್ತಾನೆ. ಸಾಲ ತಗೊಂಡವನು ನಾಮ ಹಾಕುತ್ತಾನೆ. ಮಗ ನಮ್ಮ ಮಾತಿಗೆ ಸೊಪ್ಪು ಹಾಕಲ್ಲ. ಮನೆಗೆ ಬಂದ ನೆಂಟರು ಮಾಡಿಟ್ಟ ಕೋಡುಬಳೆಯನ್ನೆಲ್ಲ ತಿಂದು ಹಾಕುತ್ತಾರೆ. ಕನ್ನಡ ಕಲಿಯುವ ಹೊರಗಿನವರು ಯಾರಾದರೂ ಈ ‘ಹಾಕು’ವಿನ ಅರ್ಥಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಲು ಹೊರಟರೆ ನಾವೇ ಅಯ್ಯೋ ಪಾಪ ಅಂತೀವಿ, ಅಲ್ವಾ? ನಾವು ಯಾರೂ ಪಟ್ಟಿ ಕಲಿತವರಲ್ಲ. ‘ಹಾಕು’ ಅಂದರೆ ಒಳಗೆ ಏನು ನಡೆಯುತ್ತೆ ಅನ್ನುವುದು ಗೊತ್ತಿದೆ. ಉಳಿದದ್ದು ಪಕ್ಕದ ಪದ ಹೇಳುತ್ತೆ.

‘ಸೆಟ್’ ಒಳಗೂ ಅಂಥದ್ದೊಂದು ತಿರುಳಿದೆ. ಅದನ್ನು ಹಿಡಿಯಲು ಇಂಗ್ಲಿಷರಿಗಿಂತ ನಮಗೇ ಸುಲಭ. ಹೇಗೆ ಅಂದರೆ, ‘ಸಿಟ್’ ಅಂದರೆ ಕೂರು. ‘ಸೆಟ್’ ಅಂದರೆ ಕೂರಿಸು. ಅಷ್ಟೇ.

ಕನ್ನಡದಲ್ಲಿ ‘ಇಸು’ ಹಚ್ಚಿದರೆ ಕೆಲಸ ಮಾಡಿಸುವ ಅರ್ಥ ಬರುತ್ತೆ: ಕೂರು–ಕೂರಿಸು, ಮಲಗು–ಮಲಗಿಸು, ಓಡು–ಓಡಿಸು. ತುಂಬಾ ಹಿಂದೆ ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ಇಂಥ ಒಂದು ಪ್ರತ್ಯಯ ಇತ್ತು. ಅದು ಸವೆದು ಮಾಯವಾಯಿತು. ಆದರೆ ಹೋಗುವಾಗ ಒಳಗಿನ ಸ್ವರವನ್ನು ಬದಲಾಯಿಸಿ ಹೋಯಿತು. ಹಳೇ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಅಂದರೆ ಕೂರು, ‘ಸೆಟ್ಟನ್’ ಅಂದರೆ ಕೂರಿಸು. ಹೀಗೇ ‘ಲೈ’ ಅಂದರೆ ಮಲಗು, ‘ಲೇ’ ಅಂದರೆ ಮಲಗಿಸು. ‘ಫಾಲ್’ ಅಂದರೆ ಬೀಳು, ‘ಫೆಲ್’ ಅಂದರೆ ಬೀಳಿಸು. ಮರ ಕಡಿದು ಉರುಳಿಸುವುದಕ್ಕೆ ಇವತ್ತಿಗೂ ಅದೇ ಪದ. ನಿಮ್ಮ ಮಗಳಿಗೆ ಹೇಳಲು ಗಣೇಶನ ಹಬ್ಬ ಸಾಕು. ಗಣೇಶ ಪೀಠದ ಮೇಲೆ ಕೂತಿದ್ದಾನೆ, ಅದು ಸಿಟ್. ಹುಡುಗರು ಗಣೇಶನನ್ನು ಕೂರಿಸಿದರು, ಅದು ಸೆಟ್.

ಈಗ ಈ ‘ಕೂರಿಸು’ ಹಿಡಿದುಕೊಂಡು ಒಂದು ಸುತ್ತು ಬನ್ನಿ. ಅಕ್ಕಸಾಲಿಗರ ಹತ್ತಿರ ಹೋಗಿ ಏನಂತೀರಿ? ‘ಈ ಉಂಗುರಕ್ಕೆ ಹರಳು ಕೂರಿಸಿಕೊಡಿ’ ಅಂತ. ಇಂಗ್ಲಿಷಿನಲ್ಲಿ ಆ ಕೆಲಸ ಸೆಟ್ ಮಾಡೋದು, ಹರಳು ಕೂರುವ ಜಾಗ ಸೆಟ್ಟಿಂಗ್. ಮೂಳೆ ಮುರಿದರೆ ನಾಟಿ ವೈದ್ಯರು ಮೂಳೆ ಕೂರಿಸಿ ಪಟ್ಟು ಕಟ್ಟುತ್ತಾರೆ. ‘ಪುತ್ತೂರು ಕಟ್ಟು’ ಕೇಳಿರುತ್ತೀರಿ. ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ಆ ಕೆಲಸ ಮಾಡುವವರಿಗೆ ಇಂಗ್ಲಿಷಿನಲ್ಲಿ ಬೋನ್‌ಸೆಟ್ಟರ್ ಅಂತಲೇ ಹೆಸರು. ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ. ಅಲ್ಲೂ ಹಳ್ಳಿಯವರು ಹೇಂಟೆಯನ್ನು ಸೆಟ್ ಮಾಡುತ್ತಾರೆ. ಮೂರೂ ಕಡೆ ಎರಡು ಭಾಷೆಯೂ ಒಂದೇ ದಾರಿ ಹಿಡಿದಿವೆ. ಯಾರೂ ಯಾರಿಂದಲೂ ಕಡ ತಂದದ್ದಲ್ಲ. ಹರಳು, ಮೂಳೆ, ಕೋಳಿ ಮೂರಕ್ಕೂ ಅಲ್ಲಾಡದೆ ಕೂರಬೇಕಾದ ಒಂದು ಜಾಗ ಇದೆ, ಅಷ್ಟೇ.

ಎಲ್ಲ ಕಡೆಯೂ ‘ಕೂರಿಸು’ ಅಂತ ಅನುವಾದ ಮಾಡಿದರೆ ಕನ್ನಡ ಕೆಡುತ್ತೆ. ಬಹಳ ಕಡೆ ನಮ್ಮಲ್ಲಿ ‘ಇಡು’ ಬರುತ್ತೆ. ಅಲಾರಂ ಇಡು, ಬೆಂಕಿ ಇಡು, ಬೋನು ಇಡು, ಮುಹೂರ್ತ ಇಡು, ಇವೆಲ್ಲ ಅಲ್ಲಿ ಸೆಟ್. ಕೆಲವು ಕಡೆ ‘ಕಟ್ಟು’: ಬೆಲೆ ಕಟ್ಟು. ಹಾಡಿಗೆ ರಾಗ ಹಾಕು. ಹಿಂದೆ ಪ್ರೆಸ್ಸುಗಳಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರಲ್ಲ, ಅದು ಟೈಪ್‌ಸೆಟ್ಟಿಂಗ್. ಕೈಯಲ್ಲಿ ಒಂದೊಂದೇ ಮೊಳೆ ಹೆಕ್ಕಿ ಸಾಲಿನಲ್ಲಿ ಕೂರಿಸುವ ಕೆಲಸ. ಮೊಳೆ ಹೋಗಿ ಕಂಪ್ಯೂಟರ್ ಬಂದರೂ ಹೆಸರು ಉಳಿದಿದೆ. ನಿಮ್ಮ ಮಗಳ ಎರಡನೇ ವಾಕ್ಯವೂ ಇದೇ ಗುಂಪು. ಮೇಜಿನ ಮೇಲೆ ತಟ್ಟೆ, ಲೋಟ, ಚಮಚ ಎಲ್ಲಾ ಅದರದರ ಜಾಗದಲ್ಲಿ ಇಡುವುದು. ಮೇಜು ಊಟ ನಮ್ಮದಲ್ಲದ್ದರಿಂದ ‘ಊಟಕ್ಕೆ ಅಣಿ ಮಾಡಿದಳು’ ಅಂತ ಬರೆಯಲಿ. ‘ಎಲೆ ಹಾಕಿದಳು’ ಅಂತ ಬರೆದರೆ ನಾನಾಗಿದ್ದರೆ ಒಂದು ಮಾರ್ಕು ಜಾಸ್ತಿ ಕೊಡುತ್ತಿದ್ದೆ. ಅವರ ಮೇಡಂ ಕೊಡುತ್ತಾರೋ ಇಲ್ಲವೋ.

ಒಂದು ಕಡೆ ಮಾತ್ರ ಹುಷಾರು. ‘ಸೆಟ್ ಐಸ್ ಆನ್’ ಅಂದರೆ ಸುಮ್ನೆ ನೋಡು ಅಂತ. ಅದನ್ನು ‘ಕಣ್ಣು ಹಾಕು’ ಅಂತ ಮಾಡಿದರೆ ಪಕ್ಕದ ಮನೆಯವರ ಜೊತೆ ಜಗಳ ಆಗುತ್ತೆ.

ಇನ್ನು ಜೆಲ್ಲಿ ಗಟ್ಟಿಯಾಗೋದು. ಕೂರಿಸೋದಕ್ಕೂ ಗಟ್ಟಿಯಾಗೋದಕ್ಕೂ ಏನು ನಂಟು? ಇದು ನನಗೂ ಬಹಳ ದಿನ ಪುಸ್ತಕದಲ್ಲಷ್ಟೇ ಗೊತ್ತಿತ್ತು. ಕಣ್ಣಿಗೆ ಕಂಡದ್ದು ಹೋದ ವರ್ಷ, ಮನೆ ಮುಂದಿನ ಮೆಟ್ಟಿಲು ಕಿತ್ತು ಹೊಸದಾಗಿ ಮಾಡಿಸಿದಾಗ. ಮೇಸ್ತ್ರಿ ಗಾರೆ ಎಳೆದು, ಕರಣೆ ತೊಳೆಯುತ್ತಾ ಹೇಳಿದರು: ‘ಸೆಟ್ ಆಗೋವರೆಗೂ ಯಾರೂ ಕಾಲಿಡಬೇಡಿ ಸಾರ್.’ ಕೇಳಿ ನನಗೆ ನಗು ಬಂತು. ಕಾಲಿಡು ಅನ್ನುವುದಕ್ಕೂ ಇಂಗ್ಲಿಷಿನಲ್ಲಿ ‘ಸೆಟ್ ಫುಟ್’ ತಾನೇ? ಒಂದೇ ವಾಕ್ಯದಲ್ಲಿ ಎರಡು ಸೆಟ್ ಹೇಳಿ, ಒಂದನ್ನು ಕನ್ನಡದಲ್ಲಿ ಹೇಳಿದ್ದರು.

ಮನುಷ್ಯರು ಮಾತು ಕೇಳಿದೆವು, ಬೆಕ್ಕು ಕೇಳಲಿಲ್ಲ. ಕಾಲು ಗಂಟೆಯಲ್ಲಿ ನಡೆದು ಹೋಗಿದ್ದರೆ ಮೇಸ್ತ್ರಿ ಕರಣೆಯಲ್ಲಿ ಒಂದು ಸಲ ಸವರಿ ಸರಿ ಮಾಡುತ್ತಿದ್ದರು. ಅದು ಹೋದದ್ದು ಎರಡು ಗಂಟೆ ಬಿಟ್ಟು. ಹೆಜ್ಜೆ ಮೂಡಿತು, ಆದರೆ ಸವರಿದರೆ ಗಾರೆ ಮಿಸುಕಲಿಲ್ಲ. ಬಲವಂತ ಮಾಡಿದರೆ ಬಿರುಕು ಬಿಡುತ್ತೆ ಅಂತ ಹಾಗೇ ಬಿಟ್ಟರು. ನಾಲ್ಕು ಪುಟ್ಟ ಪಾದ ಇವತ್ತಿಗೂ ಮೂರನೇ ಮೆಟ್ಟಿಲ ಮೇಲಿವೆ. ಸೆಟ್ ಆಗೋದು ಅಂದರೆ ಇದೇ. ಗಟ್ಟಿಯಾಗೋದು ಆಮೇಲಿನ ಮಾತು. ಅದಕ್ಕೆ ವಾರಗಟ್ಟಲೆ ನೀರು ಹಾಕಿ ಕ್ಯೂರಿಂಗ್ ಮಾಡಬೇಕು, ಕಾಂಕ್ರೀಟಿನ ಬಲ ಅಳೆಯುವುದೇ 28 ದಿನಕ್ಕೆ. ಅದಕ್ಕೂ ಮೊದಲು, ಹರಿದಾಡುತ್ತಿದ್ದದ್ದು ಒಂದು ಆಕಾರದಲ್ಲಿ ಕೂತುಬಿಡುತ್ತಲ್ಲ, ಅದು ಸೆಟ್. ಸಾಮಾನ್ಯ ಸಿಮೆಂಟು ಸೆಟ್ ಆಗಲು ಶುರುವಾಗುವುದು ನೀರು ಬೆರೆಸಿದ ಅರ್ಧ ಗಂಟೆಗಿಂತ ಮುಂಚೆ ಇರಬಾರದು, ಪೂರ್ತಿ ಸೆಟ್ ಆಗುವುದು ಹತ್ತು ಗಂಟೆ ಮೀರಬಾರದು ಅಂತ ನಮ್ಮ ದೇಶದ ಮಾನದಂಡವೇ ಇದೆ. ಶುರುವಿಗೂ ಮುಗಿಯುವುದಕ್ಕೂ ನಡುವೆ ನಮ್ಮ ಬೆಕ್ಕು ಬಂದಿತ್ತು.

ಹೆಪ್ಪು ಹಾಕಿದ ಹಾಲೂ ಹಾಗೇ. ಪಾತ್ರೆ ಅಲ್ಲಾಡಿಸಬೇಡ ಅಂತ ಅಜ್ಜಿ ಗದರುತ್ತಿದ್ದದ್ದು ಹಾಲು ಕೂರಲಿ ಅಂತ. ಬಣ್ಣಕ್ಕೂ ಇದೇ ಮಾತು. ನೂಲಿಗೆ ಬಣ್ಣ ಹಿಡಿದರೆ ‘ಬಣ್ಣ ಚೆನ್ನಾಗಿ ಕೂತಿದೆ’ ಅಂತೀವಲ್ಲ, ಇಂಗ್ಲಿಷಿನಲ್ಲೂ ಬಣ್ಣ ಸೆಟ್ ಆಗುತ್ತೆ. ಓಟದ ಪಂದ್ಯದಲ್ಲಿ 400 ಮೀಟರ್‌ವರೆಗಿನ ಓಟಗಳಿಗೆ ಗುಂಡು ಹಾರಿಸುವ ಮುನ್ನ ‘ಸೆಟ್’ ಅಂತ ಕೂಗುತ್ತಾರೆ. ಓಟಗಾರ ಸೊಂಟ ಎತ್ತಿ, ಕಲ್ಲಿನ ಹಾಗೆ ನಿಲ್ಲಬೇಕು. ಮಿಸುಕಿದರೆ ಫೌಲ್. ಕೂತದ್ದು ಅಲ್ಲಾಡಲ್ಲ, ಅಲ್ಲಾಡದ್ದು ಗಟ್ಟಿ, ಗಟ್ಟಿಯಾದದ್ದು ಬದಲಾಗಲ್ಲ. ಹೀಗೆ ಒಂದರ ಬೆನ್ನಿಗೆ ಒಂದು ಅರ್ಥ ಹುಟ್ಟಿದೆ. ಹೋಟೆಲಿನ ಸೆಟ್ ಮೆನುವಿನಲ್ಲಿ ನಿಮ್ಮಿಷ್ಟದಂತೆ ಬದಲಾಯಿಸೋ ಹಾಗಿಲ್ಲ. ಹಟಮಾರಿ ಮುದುಕರನ್ನು ‘ಸೆಟ್ ಇನ್ ಹಿಸ್ ವೇಸ್’ ಅನ್ನುವುದೂ ಸಿಮೆಂಟಿನ ಲೆಕ್ಕವೇ.

ಸೂರ್ಯನದ್ದು ಬೇಗ ಮುಗಿಸುತ್ತೇನೆ. ಇಡೀ ದಿನ ಮೇಲೆ ನಡೆದವನು ಕೆಳಗೆ ಬಂದು ಕೂರುತ್ತಾನೆ. ನಾವು ‘ಹೊತ್ತು ಮುಳುಗಿತು’ ಅಂತೀವಿ, ಹಳೇ ಮಾತಿನಲ್ಲಿ ‘ಹೊತ್ತು ಕಂತಿತು’. ಅವರ ಸೂರ್ಯ ಕೂರುತ್ತಾನೆ, ನಮ್ಮವನು ಮುಳುಗುತ್ತಾನೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಏಕೆಂದರೆ ನನಗೆ ತುಂಬಾ ಇಷ್ಟವಾದ ಭಾಗ ಇದು. ‘ಸಿಟ್’, ‘ಸೆಟ್’ಗಳ ಬೇರು ಯುರೋಪಿನಲ್ಲಷ್ಟೇ ಇಲ್ಲ. ಸಂಸ್ಕೃತದಲ್ಲಿ ‘ಸದ್’ ಅಂದರೆ ಕೂರು. ಎರಡೂ ಒಂದೇ ಮೂಲದವು. ಸುತ್ತ ಕೂತವರು ಪರಿಷತ್ತು, ಒಟ್ಟಿಗೆ ಕೂತವರು ಸಂಸತ್ತು, ಗುರುವಿನ ಹತ್ತಿರ ಕೂತು ಕಲಿತದ್ದು ಉಪನಿಷತ್ತು, ಕೂರುವ ಜಾಗ ಸದನ. 1915ರಲ್ಲಿ ಶುರುವಾದ ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಹೆಸರಿನ ಬಾಲಕ್ಕೂ ಟೈಮ್‌ಪೀಸಿನ ಅಲಾರಂ ಸೆಟ್ ಮಾಡುವುದಕ್ಕೂ ದೂರದ ನೆಂಟಸ್ತಿಕೆ ಇದೆ! ಹಕ್ಕಿ ಗೂಡಿಗೆ ಇಂಗ್ಲಿಷಿನಲ್ಲಿ ನೆಸ್ಟ್, ಸಂಸ್ಕೃತದಲ್ಲಿ ನೀಡ. ಅವೂ ಇದೇ ಮನೆಯವು: ಕೆಳಗೆ ಕೂರುವ ಜಾಗ.

ಹಾಗಂತ ಕಿವಿಗೆ ಹತ್ತಿರ ಕೇಳಿಸಿದ್ದೆಲ್ಲ ನೆಂಟರಲ್ಲ. ಕನ್ನಡದಲ್ಲಿ ‘ಸೆಟೆ’ ಇದೆ. ಬಿಗಿಯಾಗಿ ಸೆಟೆದು ನಿಂತ ಅಂತೀವಿ. ಅರ್ಥವೂ ಹತ್ತಿರ, ಸದ್ದೂ ಹತ್ತಿರ. ಆದರೂ ‘ಸೆಟ್’ಗೂ ಇದಕ್ಕೂ ಸಂಬಂಧ ಇಲ್ಲ, ಇದು ನಮ್ಮದೇ ಪದ. ಸೆಟ್ಟಿಯೂ ಬೇರೆ, ಅದು ಬಂದದ್ದು ‘ಶ್ರೇಷ್ಠಿ’ಯಿಂದ. ಆಸ್ತಿ ಅನ್ನುವ ಅರ್ಥದ ‘ಅಸೆಟ್’ನಲ್ಲಿ ಸೆಟ್ ಕಾಣುತ್ತೆ, ಆದರೆ ಅದರ ಮೂಲ ‘ಸಾಕಷ್ಟು’ ಎಂಬ ಅರ್ಥದ ಹಳೇ ಫ್ರೆಂಚ್ ಪದ. ಸತ್ತವನ ಸಾಲ ತೀರಿಸಲು ಸಾಕಾಗುವಷ್ಟು ಇದೆಯಾ ಅಂತ ವಕೀಲರು ಕೇಳುತ್ತಿದ್ದ ಕಾಲದ್ದು.

ಈಗ ದೋಸೆಗೆ ಬರೋಣ. ನಾನು ನಗಲಿಲ್ಲ, ನಿಮ್ಮ ಪ್ರಶ್ನೆಗಳಲ್ಲಿ ಇದೇ ಒಳ್ಳೇ ಪ್ರಶ್ನೆ. ಇಂಗ್ಲಿಷಿನಲ್ಲಿ ‘ಸೆಟ್’ ಅಂತ ಇರುವುದು ಒಂದು ಪದ ಅಲ್ಲ, ಎರಡು. ಒಂದು ಇಲ್ಲಿಯವರೆಗೂ ನೋಡಿದ ಕೂರಿಸುವ ಸೆಟ್. ಇನ್ನೊಂದು ಗುಂಪು ಅನ್ನುವ ಸೆಟ್. ಇದು ಫ್ರೆಂಚಿನ ಮೂಲಕ ಲ್ಯಾಟಿನ್ನಿಂದ ಬಂದದ್ದು. ಮೂಲ ‘ಸೆಕ್ಟಾ’, ಅಂದರೆ ಒಬ್ಬರ ಹಿಂದೆ ಹೋಗುವವರ ಗುಂಪು, ಪಂಥ. ‘ಹಿಂಬಾಲಿಸು’ ಎಂಬ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಪದ ಅದು. ಸೀಕ್ವೆನ್ಸ್, ಸೀಕ್ವೆಲ್ ಎಲ್ಲಾ ಅದರ ಮಕ್ಕಳೇ. ಸಂಸ್ಕೃತದಲ್ಲಿ ಅದರ ದಾಯಾದಿ ‘ಸಚ್’, ಜೊತೆ ಹೋಗು ಅಂತ. ಅದರಿಂದ ಸಚಿವ. ಇಂಗ್ಲೆಂಡಿನಲ್ಲಿ ಈ ಎರಡು ಸೆಟ್‌ಗಳ ಕಾಗುಣಿತ ಒಂದೇ ಆಯಿತು, ಉಚ್ಚಾರ ಒಂದೇ ಆಯಿತು, ಕಾಲಕ್ರಮೇಣ ಜನ ಎರಡನ್ನೂ ಬೆರೆಸಿಬಿಟ್ಟರು. ಅರ್ಥಗಳ ರಾಶಿ ದೊಡ್ಡದಾಗಲು ಇದೂ ಒಂದು ಕಾರಣ.

ಅಂದರೆ ಸೆಟ್ ದೋಸೆಯ ಸೆಟ್ ಸಚಿವರ ಕಡೆಯವರದ್ದು. ಬೆಂಗಳೂರಿನ ಯಾವುದೇ ದರ್ಶಿನಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ಕೌಂಟರ್ ಪಕ್ಕ ನಿಂತು ಕೇಳಿ: ‘ಎರಡು ಸೆಟ್, ಒಂದು ಖಾಲಿ, ಒಂದು ಮಸಾಲೆ!’ ಅಲ್ಲಿ ದೋಸೆ ಅನ್ನುವ ಪದವೇ ಬಿದ್ದುಹೋಗಿದೆ. ಕಾವಲಿ ಮೇಲೆ ಸೌಟಿನಿಂದ ಹುಯ್ದು, ಜಾಸ್ತಿ ಹರಡದೆ ಬಿಟ್ಟ ಹಿಟ್ಟು, ಮೇಲೆಲ್ಲ ತೂತು ತೂತು. ಮೂರು ದೋಸೆ ಒಂದರ ಮೇಲೊಂದು, ಪಕ್ಕದಲ್ಲಿ ಸಾಗು, ಚಟ್ನಿ. ಮೂರೂ ಸೇರಿ ಒಂದು ಸೆಟ್. ಈಗೀಗ ಕೆಲವು ಕಡೆ ಎರಡೇ ಕೊಟ್ಟು ಅದನ್ನೂ ಸೆಟ್ ಅಂತಾರೆ. ವ್ಯಾಕರಣದ ಪ್ರಕಾರ ತಪ್ಪಿಲ್ಲ, ಹೊಟ್ಟೆಯ ಪ್ರಕಾರ ಇದೆ.

ಕನ್ನಡದಲ್ಲಿ ಚೆನ್ನಾಗಿ ಬೆಳೆದದ್ದು ಈ ಗುಂಪಿನ ಸೆಟ್ಟೇ. ಸೋಫಾ ಸೆಟ್, ಕುಕ್ಕರ್ ಸೆಟ್, ಓಲೆ-ಸರದ ಸೆಟ್. ಊರ ಹಬ್ಬಕ್ಕೆ ಮೈಕ್‌ಸೆಟ್, ಮದುವೆ ಮೆರವಣಿಗೆಗೆ ಬ್ಯಾಂಡ್‌ಸೆಟ್. ಪಂಪೂ ಮೋಟರೂ ಸೇರಿ ಪಂಪ್‌ಸೆಟ್. ತಿಪಟೂರಿನ ಕಡೆಯ ತೆಂಗಿನ ತೋಟದವರಿಗೆ ‘ಐಪಿ ಸೆಟ್’ (ನೀರಾವರಿ ಪಂಪ್‌ಸೆಟ್) ಅಂದರೇನು ಅಂತ ನಾನು ಹೇಳಬೇಕಿಲ್ಲ. ಕರೆಂಟ್ ಬಿಲ್ಲು, ಕರೆಂಟ್ ಯಾವಾಗ ಬರುತ್ತೆ, ಎರಡೂ ಆ ಮಾತಿನಲ್ಲಿವೆ. ‘ಅವನ ಸೆಟ್ಟೇ ಬೇರೆ’ ಅಂದರೆ ಅವನ ಗೆಳೆಯರ ಗುಂಪೇ ಬೇರೆ. ಗಣಿತದಲ್ಲಿ ಮಾತ್ರ ನಾವು ಇದನ್ನು ‘ಗಣ’ ಮಾಡಿಕೊಂಡೆವು. ಒಳ್ಳೇ ಪದ, ಪುಟ್ಟದು, ಹೇಳಲು ಸುಲಭ.

ಎರಡೂ ಸೆಟ್ ಒಟ್ಟಿಗೆ ನೋಡಬೇಕಾ? ಮಗಳ ಸ್ಕೂಲಿನಲ್ಲಿ ವಾಲಿಬಾಲ್ ಇದ್ದರೆ ಅಂಗಳದ ಪಕ್ಕ ನಿಲ್ಲಿ. ಪಂದ್ಯ ಸೆಟ್‌ಗಳಲ್ಲಿ ನಡೆಯುತ್ತೆ: ಮೊದಲ ನಾಲ್ಕು 25 ಪಾಯಿಂಟಿಗೆ, ಐದನೆಯದು ಬೇಕಾದರೆ 15ಕ್ಕೆ. ಇದು ಪಾಯಿಂಟುಗಳ ಗುಂಪು, ದೋಸೆಯ ಸೆಟ್. ಒಳಗೆ ಒಬ್ಬ ಆಟಗಾರ ನೆಟ್ ಹತ್ತಿರ ನಿಂತು, ಬಂದ ಚೆಂಡನ್ನು ಹತ್ತು ಬೆರಳ ತುದಿಯಲ್ಲಿ ಮೇಲಕ್ಕೆತ್ತಿ, ಹೊಡೆಯುವವನ ಕೈಗೆ ಸರಿಯಾಗಿ ಗಾಳಿಯಲ್ಲಿ ಕೂರಿಸಿಕೊಡುತ್ತಾನೆ. ಅವನು ಸೆಟ್ಟರ್. ಅದು ಗಣೇಶನ ಸೆಟ್. ‘ಎರಡನೇ ಸೆಟ್‌ನಲ್ಲಿ ಸೆಟ್ಟರ್ ಚೆನ್ನಾಗಿ ಸೆಟ್ ಮಾಡಿದ’ ಅಂತ ಕಾಮೆಂಟರಿಯವರು ಹೇಳಿದರೆ ಯಾರಿಗೂ ಗೊಂದಲ ಆಗಲ್ಲ.

ನಿಜವಾಗಿ ಕಷ್ಟ ಇರುವುದು ಇದ್ಯಾವುದರಲ್ಲೂ ಅಲ್ಲ, ಸೆಟ್‌ನ ಹಿಂದೆ ಬರುವ ಚೂರು ಪದಗಳಲ್ಲಿ: ಅಪ್, ಆಫ್, ಇನ್, ಅಸೈಡ್, ಬ್ಯಾಕ್. ಇವು ಅಂಟಿಕೊಂಡರೆ ಒಂದೊಂದನ್ನೂ ಹೊಸ ಪದ ಅಂತಲೇ ಕಲಿಯಬೇಕು. ‘ಸೆಟ್ ಆಫ್’ ಅಂದರೆ ಹೊರಡು. ಅದೇ ಪಟಾಕಿಗೆ ಬಂದರೆ ಹಚ್ಚಿ ಸಿಡಿಸು. ಆದಾಯ ತೆರಿಗೆಯವರ ಬಾಯಲ್ಲಿ ಬಂದರೆ ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭದಲ್ಲಿ ಕಳೆ. ‘ಸೆಟ್ ಇನ್’ ಅಂದರೆ ಬಂದು ಕೂತುಬಿಡು, ಬೇಗ ಹೋಗದ ಹಾಗೆ. ಕೇರಳಕ್ಕೆ ಜೂನ್ 1ರ ಸುಮಾರಿಗೆ ಮುಂಗಾರು ಬರುತ್ತಲ್ಲ, ಹವಾಮಾನ ಇಲಾಖೆ ಅದನ್ನು ಆನ್‌ಸೆಟ್ ಅನ್ನುತ್ತೆ. ಪತ್ರಿಕೆಗಳು ‘ಮುಂಗಾರು ಪ್ರವೇಶ’ ಅಂತ ಬರೆಯುತ್ತವೆ. ನನ್ನ ಕೇಳಿದರೆ ‘ಮಳೆ ಹಿಡಿಯಿತು’ ಅನ್ನುವಷ್ಟು ಸರಿಯಾದ ಅನುವಾದ ಇನ್ನೊಂದಿಲ್ಲ. ಪ್ರವೇಶ ಮಾಡಿದವರು ಹೊರಗೂ ಹೋಗಬಹುದು, ಹಿಡಿದ ಮಳೆ ಅಷ್ಟು ಸುಲಭಕ್ಕೆ ಬಿಡಲ್ಲ.

‘ಸೆಟ್ ಅಸೈಡ್’ ಬಗ್ಗೆ ನನಗೆ ಒಂದು ಹಳೇ ಸಿಟ್ಟಿದೆ. ಮನೆ ಖರ್ಚಿನ ಮಾತಾದರೆ ಅದು ‘ತೆಗೆದಿಡು’: ಮಗಳ ಫೀಸಿಗೆ ಅಂತ ಸ್ವಲ್ಪ ದುಡ್ಡು ತೆಗೆದಿಟ್ಟೆ. ಕೋರ್ಟಿನ ಮಾತಾದರೆ ಅದು ‘ರದ್ದು ಮಾಡು’. ಮೇಲಿನ ಕೋರ್ಟು ಕೆಳಗಿನ ಕೋರ್ಟಿನ ತೀರ್ಪನ್ನು ಸೆಟ್ ಅಸೈಡ್ ಮಾಡಿದರೆ ಆ ತೀರ್ಪು ಸತ್ತ ಹಾಗೆ. ಆದರೆ ಆಗಾಗ ಸುದ್ದಿಯಲ್ಲಿ ‘ಆದೇಶವನ್ನು ಬದಿಗಿಟ್ಟಿದೆ’ ಅಂತ ಬರುತ್ತೆ. ಓದಿದವರಿಗೆ ಏನನ್ನಿಸುತ್ತೆ? ಆದೇಶ ಎಲ್ಲೋ ಪಕ್ಕದ ಕಪಾಟಿನಲ್ಲಿದೆ, ನಾಳೆ ಮತ್ತೆ ತೆಗೆಯಬಹುದು ಅಂತ. ಜಮೀನು ಕೇಸಿನಲ್ಲಿ ಇರುವವರು ಇಂಥ ಸುದ್ದಿ ಓದಿ ವಕೀಲರ ಮನೆಗೆ ಓಡಿದ್ದನ್ನು ಕಂಡಿದ್ದೇನೆ.

‘ಸೆಟ್‌ಬ್ಯಾಕ್’ ಅಂದರೆ ಹಿನ್ನಡೆ. ಸೈಟು ಕೊಂಡವರಿಗೆ ಮಾತ್ರ ಅದು ಮನೆ ಸುತ್ತ ಬಿಡಬೇಕಾದ ಜಾಗ. ಬಿಡದವರಿಗೆ ಆಮೇಲೆ ಎರಡೂ ಅರ್ಥ ಒಟ್ಟಿಗೇ ಆಗುತ್ತೆ. ‘ಸೆಟ್ ಅಪ್’ ಅಂದರೆ ಎಬ್ಬಿಸಿ ನಿಲ್ಲಿಸು, ಸ್ಥಾಪಿಸು. ಮೋಸದಿಂದ ಸಿಕ್ಕಿಸಿ ಹಾಕುವುದಕ್ಕೂ ಅದೇ. ನಮ್ಮ ಕಡೆ ‘ಸೆಟಪ್’ಗೆ ಇನ್ನೂ ಒಂದು ಅರ್ಥ ಇದೆ, ಅದು ಎಂಟನೇ ಕ್ಲಾಸಿನ ಪಾಠ ಅಲ್ಲ, ಬಿಡಿ. ಇದನ್ನೇ ತಿರುಗಿಸಿ ‘ಅಪ್‌ಸೆಟ್’ ಮಾಡಿದರೆ? ಈಗ ಅದಕ್ಕೆ ಬುಡಮೇಲು, ಬೇಜಾರು, ಹೊಟ್ಟೆ ಕೆಟ್ಟದ್ದು ಅಂತೆಲ್ಲ ಅರ್ಥ. ಆದರೆ ಹುಟ್ಟಿದಾಗ ಅದರ ಅರ್ಥವೂ ‘ಎತ್ತಿ ನಿಲ್ಲಿಸು’ ಅಂತಲೇ ಇತ್ತು. ಆ ಹಳೇ ಅರ್ಥ ಒಂದು ಮೂಲೆಯಲ್ಲಿ ಬದುಕಿದೆ. ಹರಾಜಿನ ಪ್ರಕಟಣೆಗಳಲ್ಲಿ ‘ಅಪ್‌ಸೆಟ್ ಪ್ರೈಸ್’ ಅಂತ ಇರುತ್ತೆ ನೋಡಿ. ಬೇಜಾರಿನ ಬೆಲೆ ಅಲ್ಲ ಅದು. ಸವಾಲು ಕೂಗಲು ಎತ್ತಿ ನಿಲ್ಲಿಸಿದ ಮೊದಲ ಬೆಲೆ, ಅದಕ್ಕಿಂತ ಕಮ್ಮಿಗೆ ಕೊಡಲ್ಲ ಅಂತ.

ಇನ್ನು ನಾವೇ ಹುಟ್ಟಿಸಿದ ಸೆಟ್. ‘ನಂಗೂ ಅವಳಿಗೂ ಸೆಟ್ ಆಗಲ್ಲ.’ ‘ಈ ಊರಿನ ನೀರು ನಂಗೆ ಸೆಟ್ ಆಗಿಲ್ಲ.’ ‘ಆ ಕೆಲಸ ಅವನಿಗೆ ಸೆಟ್ ಆಯ್ತು.’ ಹುಡುಗರ ಬಾಯಲ್ಲಿ ‘ಹುಡುಗಿ ಸೆಟ್ ಆದ್ಲಾ?’ ಇದು ಇಂಗ್ಲಿಷಲ್ಲ, ಇಂಗ್ಲಿಷಿನ ಬಟ್ಟೆ ತೊಟ್ಟ ಕನ್ನಡ. ಒಗ್ಗು, ಹೊಂದು, ಸರಿಹೋಗು ಅನ್ನುವ ನಮ್ಮ ಪದಗಳ ಕೆಲಸವನ್ನು ಇದು ಮಾಡುತ್ತಿದೆ. ಬ್ಲೌಸು ‘ಮೈಗೆ ಸರಿಯಾಗಿ ಕೂತಿದೆ’ ಅಂತೀವಲ್ಲ, ಆ ಕೂರುವಿಕೆಯೂ ಇದರೊಳಗೆ ಸೇರಿಕೊಂಡಿದೆ ಅಂತ ನನಗೆ ಕಾಣುತ್ತೆ. ಕೆಲವರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ನಾನು ಮುರಿಯಲ್ಲ. ಮಾತಿನಲ್ಲಿ ಚೆನ್ನಾಗಿ ಕೂತಿದೆ, ಇರಲಿ. ಆದರೆ ಮಗಳು ಇದನ್ನು ವಾಪಸ್ ಇಂಗ್ಲಿಷಿಗೆ ಒಯ್ದು ‘ವೀ ಡೋಂಟ್ ಸೆಟ್’ ಅಂತ ಬರೆದರೆ ಅಲ್ಲಿ ಯಾರಿಗೂ ತಿಳಿಯಲ್ಲ. ಜನಕ್ಕಾದರೆ ‘ಗೆಟ್ ಅಲಾಂಗ್’, ನೀರು ಊಟಕ್ಕಾದರೆ ‘ಸೂಟ್’ ಅಥವಾ ‘ಅಗ್ರೀ’ ಅಂತ ಹೇಳಿಕೊಡಿ.

ವ್ಯಾಕರಣದ ಒಂದು ಮಾತು. ‘ಸೆಟ್ಟೆಡ್’ ಅಂತ ಬರೆಯದ ಮಕ್ಕಳಿಲ್ಲ. ಸೆಟ್‌ಗೆ ಭೂತಕಾಲದಲ್ಲೂ ಸೆಟ್ಟೇ. ಕಟ್, ಪುಟ್, ಹಿಟ್, ಶಟ್ ಇದ್ದ ಹಾಗೆ. ಹಳೇ ಇಂಗ್ಲಿಷಿನಲ್ಲಿ ಭೂತಕಾಲಕ್ಕೆ ‘ಸೆಟ್ಟೆ’ ಅಂತ ಇತ್ತು, ಬಾಲ ಉದುರಿ ಮೊಂಡಾಯಿತು. ನಿನ್ನೆಯೋ ದಿನಾನೋ ಅನ್ನುವುದು ಉಳಿದ ವಾಕ್ಯ ನೋಡಿ ತಿಳಿಯಬೇಕು.

ಐದು ವಾಕ್ಯ ಆಯಿತು: ಮುಳುಗು, ಅಣಿ ಮಾಡು, ಗಟ್ಟಿಯಾಗು, ಹೊರಡು, ಗೊಂಚಲು. ಉಳಿದದ್ದು ‘ಐ ಆಮ್ ಆಲ್ ಸೆಟ್’. ಎಲ್ಲಾ ಅದರದರ ಜಾಗದಲ್ಲಿ ಕೂತಿದೆ, ಅಂದರೆ ‘ನಾನು ಸಿದ್ಧ, ಹೊರಡೋಣ’. ಪುಸ್ತಕಕ್ಕೆ ಇಷ್ಟು ಬರೆದರೆ ಸಾಕು.

ಆದರೆ ಅಮೆರಿಕದಲ್ಲಿ ಇದಕ್ಕೆ ‘ನಂಗೆ ಸಾಕು, ಇನ್ನೇನೂ ಬೇಡ’ ಅನ್ನುವ ಅರ್ಥವೂ ಇದೆ. ನನ್ನ ಅಕ್ಕನ ಮಗ ಓದಲು ಅಲ್ಲಿಗೆ ಹೋದ ಮೊದಲ ವಾರ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದ. ಬಡಿಸುವ ಹುಡುಗಿ ಬಂದು ನಗುತ್ತಾ ‘ಆಲ್ ಸೆಟ್?’ ಅಂದಳು. ಎಲ್ಲಾ ಬಂತಾ, ಎಲ್ಲಾ ಸರಿ ಇದೆಯಾ ಅಂತ ಕೇಳುತ್ತಿದ್ದಾಳೆ ಅಂದುಕೊಂಡು ಇವನೂ ನಗುತ್ತಾ ‘ಯೆಸ್, ಆಲ್ ಸೆಟ್’ ಅಂದ. ಅವಳು ಅರ್ಧ ತಿಂದ ತಟ್ಟೆ ಎತ್ತಿಕೊಂಡು, ಬಿಲ್ಲು ಇಟ್ಟು ಹೋದಳು.